ಒಂದು ಸೇರು ತೌಡಿಗೆ ಒಂದು ಹುಚ್ಚಮ್ಮ

ಮಗುವಿಗೆ ಶೀತ ಆಗಬಹುದಿತ್ತು. ತಿಪ್ಪೆಯಲ್ಲಿ ಚೇಳಿರಬಹುದಿತ್ತು. ಚೇಳಿಲ್ಲದಿದ್ದರೆ ಹಂದಿ ನುಗ್ಗಬಹುದಿತ್ತು. ಕಾರು ಅರ್ಧ ದಾರಿಯಲ್ಲಿ ಪಂಕ್ಚರ್ ಆಗಬಹುದಿತ್ತು, ಸ್ಟೆಪ್ನಿಯೂ ಗಾಳಿ ಬಿಟ್ಟು ಕೂತಿರಬಹುದಿತ್ತು (ಹಿಂದಿನ ದಿನ ನಾನೇ ಒತ್ತಿ ನೋಡಿದ್ದೆ, ಆದರೂ). ಅವ್ವನ ಬಿಪಿ ಏರಬಹುದಿತ್ತು. ತಮ್ಮನ ಹೆಂಡತಿ ಕೊನೇ ಗಳಿಗೆಯಲ್ಲಿ ಕಾರು ತಿರುಗಿಸಿ ಅನ್ನಬಹುದಿತ್ತು. ಮಾಟಗಾತಿ ಮುನಿಸಿಕೊಳ್ಳಬಹುದಿತ್ತು. ಮಾಟಗಾತಿ ಮನೆಗೆ ಬೀಗ ಹಾಕಿಕೊಂಡು ಮಗಳ ಊರಿಗೆ ಹೋಗಿರಬಹುದಿತ್ತು.

ಎಲ್ಲಕ್ಕಿಂತ ದೊಡ್ಡದು ಇನ್ನೊಂದಿತ್ತು. ಯಾರೋ ಪುಣ್ಯಾತ್ಮರು ವಿಡಿಯೊ ಮಾಡಿ ಸ್ಟೇಟಸ್ ಹಾಕಿ, ಅದು ಗ್ರೂಪಿನಿಂದ ಗ್ರೂಪಿಗೆ ಹಾರಿ, ಮರುದಿನ ಬೆಳಿಗ್ಗೆ ‘ಹಸುಗೂಸನ್ನು ತಿಪ್ಪೆಗೆ ಹಾಕಿದ ಸರ್ಕಾರಿ ಶಾಲೆ ಶಿಕ್ಷಕಿ’ ಎಂದು ಸುದ್ದಿಯಾಗಿ, ಸಂಜೆಯೊಳಗೆ ಅಮಾನತಿನ ಆದೇಶ ನನ್ನ ಕೈ ಸೇರಬಹುದಿತ್ತು. ನಿವೃತ್ತಿಗೆ ಎಂಟು ವರ್ಷ ಬಾಕಿ ಇರುವವಳು ನಾನು. ಆ ವಾರವಿಡೀ ನನ್ನ ಕನಸಿನಲ್ಲಿ ಶಿಕ್ಷಣ ಇಲಾಖೆಯ ಬಿಇಒ ಸಾಹೇಬರು ಸಗಣಿ ಮೆತ್ತಿದ ಕವರು ಹಿಡಿದುಕೊಂಡು ಬರುತ್ತಿದ್ದರು.

ಇವುಗಳಲ್ಲಿ ಒಂದೂ ಆಗಲಿಲ್ಲ. ಆಗಿದ್ದು ಬೇರೆಯೇ, ಸಣ್ಣದು. ಅದನ್ನು ಕೊನೆಗೆ ಹೇಳುತ್ತೇನೆ. ಮೊದಲು ಎಚ್ ವಿಚಾರ ಮುಗಿಸಿಬಿಡೋಣ.

ಈ ಅಂಕಣದ ತಲೆಯ ಮೇಲೆ ಪ್ರತಿವಾರ ಅಚ್ಚಾಗುವ ಎಚ್. ಉಮಾದೇವಿಯಲ್ಲಿ ಎಚ್ ಅಂದರೆ ಯಾವ ಊರು ಎಂದು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ಹೊಳಲ್ಕೆರೆಯವರು ಹೊಳಲ್ಕೆರೆ ಅಂದುಕೊಂಡಿದ್ದಾರೆ. ಹೊಸದುರ್ಗದವರು ಹೊಸದುರ್ಗ. ಹಿರಿಯೂರಿನಲ್ಲಿ ಒಂದು ಮಹಿಳಾ ಸಮಾಜದವರು ‘ನಮ್ಮೂರ ಹೆಣ್ಣುಮಗಳು’ ಎಂದು ಭಾಷಣ ಮಾಡಿ ಶಾಲು ಹೊದಿಸಿಯೂ ಆಗಿದೆ. ನಾನು ಬಾಯಿ ಬಿಡದೆ ಹೊದ್ದುಕೊಂಡು ಬಂದೆ. ನಮ್ಮ ಜಿಲ್ಲೆಗೆ ಯಾವುದಕ್ಕೆ ಬರ ಬಂದರೂ ಎಚ್‌ಗೆ ಬಂದಿಲ್ಲ ನೋಡಿ.

ಆದರೆ ಆ ಎಚ್ ಊರಲ್ಲ. ಅಪ್ಪನ ಹೆಸರೂ ಅಲ್ಲ. ಅದು ನನ್ನದೇ ಹೆಸರು.

ಹುಚ್ಚಮ್ಮ.

ಹೇಳಿಬಿಟ್ಟೆ. ಐವತ್ತೆರಡು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದು ಒಂದು ಸಾಲಿನಲ್ಲಿ ಮುಗಿಯಿತು. ಒಂದನೇ ಕ್ಲಾಸಿಗೆ ಸೇರಿಸುವಾಗ ಮೇಷ್ಟ್ರು ನನ್ನ ಮುಖ ನೋಡಿ, ಪಾಪ ಅನ್ನಿಸಿ, ಪಕ್ಕದಲ್ಲಿ ಉಮಾದೇವಿ ಎಂದು ಸೇರಿಸಿದರಂತೆ. ಆದರೂ ಹಳೇ ಹೆಸರು ಬಿಡಲಿಲ್ಲ. ಟೀಚರ್ಸ್ ಟ್ರೈನಿಂಗಿನಲ್ಲಿ ಹಾಜರಿ ಕರೆಯುವಾಗ ನನ್ನ ಸರದಿ ಬರುತ್ತಿದ್ದಂತೆ ಇಡೀ ಕ್ಲಾಸು ಉಸಿರು ಬಿಗಿಹಿಡಿದು ಕಾಯುತ್ತಿತ್ತು. ನನ್ನನ್ನು ನೋಡಲು ಬಂದ ಮೊದಲನೇ ಗಂಡಿನ ಕಡೆಯವರು ಕಾಫಿ ಕುಡಿದು, ಹೆಸರು ಕೇಳಿ, “ಮನೆತನದಾಗೆ ಬ್ಯಾರೆ ಯಾರಿಗಾನ ಐತೇನ್ರಿ?” ಎಂದು ವಿಚಾರಿಸಿಕೊಂಡು ಎದ್ದು ಹೋದರು.

ಇಂಥ ಹೆಸರು ಯಾಕಿಟ್ಟರು? ಪ್ರೀತಿಯಿಂದ ಇಟ್ಟರು. ನಗಬೇಡಿ, ನಿಜ.

ನಮ್ಮ ಕಡೆ ಹಿಂದೆ ಒಂದು ಪದ್ಧತಿ ಇತ್ತು. ಒಂದೆರಡು ಕೂಸು ಉಳಿಯದೆ ಹೋದ ಮನೆಯಲ್ಲಿ ಮತ್ತೊಂದು ಹುಟ್ಟಿದರೆ, ಅದನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲೆ ಇಟ್ಟುಬಿಡುವುದು. ಬೇರೆ ಮನೆಯ ಹೆಂಗಸೊಬ್ಬಳು ದಾರಿಯಲ್ಲಿ ಹೋಗುತ್ತಿದ್ದವಳಂತೆ ಬಂದು, “ಅಯ್ಯ, ಯಾರದೋ ಕೂಸು” ಎಂದು ಎತ್ತಿಕೊಳ್ಳುವುದು. ಅದಕ್ಕೊಂದು ಕೆಟ್ಟ ಹೆಸರು ಇಡುವುದು. ಆಮೇಲೆ ಹೆತ್ತ ತಾಯಿಯೇ ಹೋಗಿ, ಒಂದು ಸೇರು ತೌಡು ಅಳೆದು ಕೊಟ್ಟು, ತನ್ನ ಕೂಸನ್ನು ತಾನೇ ಕೊಂಡು ತರುವುದು. ಮಾಟ ಮಾಡುವವರು, ಕೆಟ್ಟ ಕಣ್ಣಿನವರು ಯಾರಾದರೂ ನೋಡುತ್ತಿದ್ದರೆ, ‘ಥೂ, ತಿಪ್ಪೇಲಿ ಬಿದ್ದಿದ್ದ, ತೌಡಿನ ಬೆಲೆಯ, ಹುಚ್ಚು ಹೆಸರಿನ ಕೂಸು, ಇದನ್ನೇನು ಮುಟ್ಟೋದು’ ಎಂದು ಮುಂದಿನ ಮನೆಗೆ ಹೋಗಲಿ ಎಂಬ ಲೆಕ್ಕಾಚಾರ. ನಮ್ಮ ಸೀಮೆಯಲ್ಲಿ ಮೂರು ಮನೆಗೊಬ್ಬರು ತಿಪ್ಪಣ್ಣ, ತಿಪ್ಪಮ್ಮ ಯಾಕಿದ್ದಾರೆ ಅಂದುಕೊಂಡಿರಿ? ಕೆಲವರು ದೇವರ ಹೆಸರಿನವರು. ಇನ್ನು ಕೆಲವರು ತಿಪ್ಪೆಯಲ್ಲಿ ಸಿಕ್ಕವರು.

ಅವ್ವನಿಗೆ ನನಗಿಂತ ಮೊದಲು ಹುಟ್ಟಿದ ಇಬ್ಬರು ಉಳಿಯಲಿಲ್ಲ. ಮೂರನೆಯವಳು ನಾನು. ಬಿ.ದುರ್ಗದಿಂದ ಮೂರು ಕಿಲೋಮೀಟರ್ ಒಳಗಿರುವ ನಮ್ಮೂರಿನ ತಿಪ್ಪೆಯಿಂದ ನನ್ನನ್ನು ಎತ್ತಿಕೊಂಡವಳು, ಊರಿಗೆಲ್ಲ ಮಾಟಗಾತಿ ಎಂದು ಹೆಸರಾಗಿದ್ದ ಅಮೃತಮ್ಮ. (ಹೆಸರುಗಳ ನ್ಯಾಯ ನೋಡಿ. ಮಾಟಗಾತಿಗೆ ಅಮೃತಮ್ಮ, ಮೇಷ್ಟ್ರಮ್ಮನಿಗೆ ಹುಚ್ಚಮ್ಮ.) ಕಳ್ಳರ ಕಾಟ ಇರುವಲ್ಲಿ ಕಳ್ಳನನ್ನೇ ಕಾವಲಿಗೆ ಇಟ್ಟಂತೆ, ಮಾಟದ ಭಯ ಇದ್ದ ಅವ್ವ ಮಾಟಗಾತಿಯ ಕೈಗೇ ಕೂಸನ್ನು ಕೊಟ್ಟಳು. ನನಗೆ ಹೆಸರಿಟ್ಟವಳೂ ಅಮೃತಮ್ಮನೇ. ನನ್ನ ಮಾರ್ಕೆಟ್ ರೇಟು ಒಂದು ಸೇರು ತೌಡು ಎಂದು ಚಿಕ್ಕಂದಿನಿಂದ ಕೇಳುತ್ತಾ ಬೆಳೆದವಳು ನಾನು.

ಹದಿನಾಲ್ಕು ವರ್ಷದ ಮೇಲೆ ತಮ್ಮ ಹುಟ್ಟಿದ. ಅಷ್ಟರಲ್ಲಿ ಅವ್ವನಿಗೆ ಧೈರ್ಯ ಬಂದಿತ್ತು. ಅವನಿಗೆ ಲೋಕೇಶ ಎಂದು ಇಟ್ಟರು. ಅಂದರೆ ನಾನು ಟ್ರಯಲ್ ಪೀಸು.

ಈಗ ಈ ಲೋಕೇಶನ ವಿಚಾರಕ್ಕೆ ಬರುತ್ತೇನೆ. ಹೊಸದುರ್ಗದಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಂಡಿದ್ದಾನೆ. ಅವನ ಹೆಂಡತಿ ಶ್ವೇತ ಹಿರಿಯೂರಿನವಳು, ಲ್ಯಾಬ್ ಟೆಕ್ನಿಶಿಯನ್. ಮೈಕ್ರೋಸ್ಕೋಪಿನಲ್ಲಿ ಕಾಣದ್ದನ್ನು ನಂಬುವವಳಲ್ಲ. ಎರಡು ಸಲ ಬಸಿರು ನಿಲ್ಲದೆ, ಮೂರನೇ ಸಲ ಎಂಟು ತಿಂಗಳು ತುಂಬುವ ಮೊದಲೇ ಹೆಣ್ಣುಮಗು ಹುಟ್ಟಿತು. ಅಂಗೈಯಗಲ ಇತ್ತು. ಚಿತ್ರದುರ್ಗದ ಆಸ್ಪತ್ರೆಯಲ್ಲಿ ನಲವತ್ತು ದಿನ ಗಾಜಿನ ಪೆಟ್ಟಿಗೆಯೊಳಗಿತ್ತು. ನಾನು ಶಾಲೆ ಮುಗಿಸಿ ದಿನಾ ಸಂಜೆ ಹೋಗಿ ಗಾಜಿನಾಚೆ ನಿಂತು ಅದರ ಎದೆ ಏರುವುದನ್ನು ಎಣಿಸುತ್ತಿದ್ದೆ. ಎಣಿಕೆ ತಪ್ಪಿದರೆ ನನ್ನ ಎದೆ ನಿಲ್ಲುತ್ತಿತ್ತು.

ಮಗು ಗೆದ್ದು ಮನೆಗೆ ಬಂತು. ಗುಂಡುಗುಂಡಗಾಯಿತು. ಶ್ವೇತ ಅದಕ್ಕೆ ಆದ್ಯಾ ಎಂದು ಚೆಂದದ ಹೆಸರು ಗೊತ್ತುಮಾಡಿದಳು. ಎಲ್ಲ ಸರಿಹೋಯಿತು, ಒಂದನ್ನು ಬಿಟ್ಟು.

ಅವ್ವ ಮೊಮ್ಮಗಳನ್ನು ಮುಟ್ಟಲಿಲ್ಲ.

ಎಪ್ಪತ್ತಾರು ವರ್ಷದ ಮುದುಕಿ, ಮೂರು ತಿಂಗಳು, ಒಂದೇ ಮನೆ. ತೊಟ್ಟಿಲಿಂದ ಮಾರು ದೂರ ಕೂತು ನೋಡುವಳು. ಮಗು ಅತ್ತರೆ ಇವಳ ಕೈ ಸೀರೆಯ ಸೆರಗನ್ನು ಹಿಂಡುತ್ತಿತ್ತು, ಮುಂದೆ ಬರುತ್ತಿರಲಿಲ್ಲ. ಯಾರಾದರೂ “ಎಷ್ಟ್ ಚೆಂದಾಗೈತೆ ಕೂಸು” ಎಂದರೆ, “ಚೆಂದ ಎಲ್ಲಿ ಬಂತು, ಸುಟ್ಟ ಬದನೇಕಾಯಿ ಇದ್ದಂಗೈತೆ” ಎಂದು ಮುಖ ತಿರುಗಿಸುವಳು. ಶ್ವೇತ ಇದನ್ನು ಮನಸ್ಸಿಗೆ ಹಚ್ಚಿಕೊಂಡಳು. ಹೆಣ್ಣು ಹುಟ್ಟಿದ್ದಕ್ಕೆ ಅತ್ತೆಗೆ ಬೇಸರ ಎಂದುಕೊಂಡಳು. ಒಂದು ದಿನ ಫೋನಿನಲ್ಲಿ ಅತ್ತುಬಿಟ್ಟಳು. “ಅಕ್ಕಾ, ಒಂದ್ ಸಲ ಆದ್ರೂ ಎತ್ಕಂಡ್ರೆ ಏನಾಗತ್ತೆ ಅವ್ರಿಗೆ?”

ನಾನು ಬಸ್ಸು ಹತ್ತಿ ಹೊಸದುರ್ಗಕ್ಕೆ ಹೋಗಿ ಅವ್ವನನ್ನು ಅಡುಗೆಮನೆಯಲ್ಲಿ ಹಿಡಿದೆ.

“ಏನವ್ವ ಇದು?”

“ಏನು?”

“ಕೂಸನ್ನ ಯಾಕೆ ಎತ್ಕಣಲ್ಲ?”

ಅವ್ವ ಬೆಳ್ಳುಳ್ಳಿ ಬಿಡಿಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ. “ಮೊದಲಿನೆರಡನ್ನ ಎತ್ಕಂಡೇ ಇದ್ದೆ ಕಣೇ. ಕೆಳಗೇ ಇಳಿಸ್ತಿರಲಿಲ್ಲ. ಮುದ್ದು ಮಾಡಿದ್ದೇ ಮಾಡಿದ್ದು. ಏನಾತು?” ಸಿಪ್ಪೆ ಊದಿ ಹೇಳಿದಳು. “ನಿನ್ನ ತಿಪ್ಪೆಗೆ ಹಾಕಿದ ಮ್ಯಾಲೇ ಎತ್ಕಂಡೆ. ನೀನು ಉಳುದೆ. ಇದನ್ನೂ ಹಾಕ್ರಿ, ಎತ್ಕಂತಿನಿ.”

ಇದನ್ನು ಶ್ವೇತಳಿಗೆ ಹೇಗೆ ಹೇಳುವುದು? ನಾನು ಮೂರು ದಿನ ತಾಲೀಮು ಮಾಡಿದೆ. ಕೊನೆಗೆ ಧೈರ್ಯಕ್ಕೆ ಒಬ್ಬ ಪರಿಣತನನ್ನು ಕೇಳೋಣ ಎಂದು ನನ್ನ ಸಹಪಾಠಿ ಮಸಣಪ್ಪನಿಗೆ ಫೋನ್ ಮಾಡಿದೆ.

ಮಸಣಪ್ಪ ನಮ್ಮೂರವನೇ. ಅವನೂ ಉಳಿಯಲಿ ಎಂದು ಕೆಟ್ಟ ಹೆಸರು ಇಡಿಸಿಕೊಂಡವನು. ಹೈಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಸಾಲು, ಮಸಣ ಮತ್ತು ಹುಚ್ಚಿ. ಈಗ ಅವನು ಹಿರಿಯೂರಿನಲ್ಲಿ ಹೆಸರು ಬದಲಿಸಿಕೊಂಡು ಪಂಡಿತ ಆಗಿದ್ದಾನೆ. ಕಾವಿ ಜುಬ್ಬಾ, ಕೊರಳಲ್ಲಿ ಹಗ್ಗದಷ್ಟು ದಪ್ಪ ಸರ, ಗೋಡೆಗೋಡೆಯ ಮೇಲೆ ಬೋರ್ಡು: ಮಾಟ, ಮಂತ್ರ, ಗಂಡ-ಹೆಂಡತಿ ಜಗಳ, ವಿದೇಶ ಪ್ರಯಾಣ, ಎಲ್ಲಕ್ಕೂ ಪರಿಹಾರ. ಮಂತ್ರವಾದಿಗಳಿಗೆ ಎಷ್ಟು ಅನುಕೂಲ ಗಮನಿಸಿದ್ದೀರಾ? ಗಂಡಸು ಮಾಟ ಗೊತ್ತು ಅಂದರೆ ಬೋರ್ಡು, ವಿಸಿಟಿಂಗ್ ಕಾರ್ಡು. ಹೆಂಗಸಿಗೆ ಗೊತ್ತು ಅಂದರೆ ಊರಾಚೆ ಮನೆ.

“ಲೇ ಮಸಣ” ಎಂದೆ.

“ಮೆಲ್ಲಗೆ ಮಾತಾಡೇ ಹುಚ್ಚಿ, ಭಕ್ತರು ಕುಂತವ್ರೆ” ಎಂದ.

ವಿಷಯ ಹೇಳಿದೆ. ಅವನು ಎದ್ದು ಹೊರಗೆ ಬಂದನೆಂದು ಕಾಣುತ್ತದೆ, ಬಸ್ಸಿನ ಹಾರ್ನು ಕೇಳಿಸಿತು. “ನೋಡು, ನಾನು ಹೆಸರಿಗೆ ಅಕ್ಷರ ಹೇಳ್ತಿನಿ, ನಿಂಬೆಹಣ್ಣು ಮಂತ್ರಿಸಿ ಕೊಡ್ತಿನಿ. ಇದು ನನ್ನ ಕೈಲಾಗೋದಲ್ಲ. ಅಮೃತಮ್ಮನ ಹತ್ರಾನೇ ಹೋಗ್ರಿ.”

“ನೀನೂ ಬಾರೋ, ಧೈರ್ಯಕ್ಕೆ.”

“ಹುಚ್ಚೇನೇ ನಿಂಗೆ? ಊರಿಗೆ ಹೋದ್ರೆ ಇವತ್ತಿಗೂ ಆಕೆ ಮನೆ ಮುಂದೆ ಚಪ್ಪಲಿ ಕೈಯಾಗೆ ಹಿಡ್ಕಂಡು ಓಡ್ತಿನಿ.”

ಮಂತ್ರವಾದಿಯೇ ಹೆದರುವ ಮಾಟಗಾತಿ. ನನ್ನ ಪಟ್ಟಿಗೆ ಇನ್ನೊಂದು ಸೇರಿತು.

ಶ್ವೇತಳಿಗೆ ಹೇಳಿದೆ. ಅವಳು ಹೌಹಾರಿದಳು. “ಸಗಣೀಲಿ ಏನೇನ್ ಇರತ್ತೆ ಗೊತ್ತಾ ಅಕ್ಕಾ? ಧನುರ್ವಾಯು ಬರೋದೇ ಅದ್ರಿಂದ. ನಲವತ್ತು ದಿನ ಗಾಜಿನೊಳಗಿಟ್ಟು ಉಳಿಸ್ಕಂಡ ಮಗೂನ ತಗಂಡೋಗಿ ತಿಪ್ಪೆಗೆ ಹಾಕದಾ?” ಅವಳು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಎಲ್ಲಕ್ಕೂ ಹೌದು ಎಂದೆ. ಆಮೇಲೆ ಅವ್ವ ಬೆಳ್ಳುಳ್ಳಿ ಬಿಡಿಸುತ್ತಾ ಹೇಳಿದ್ದನ್ನು ಹಾಗೇ ಹೇಳಿದೆ. ಮೊದಲಿನೆರಡನ್ನ ಎತ್ಕಂಡೇ ಇದ್ದೆ ಅಂದದ್ದನ್ನು.

ಶ್ವೇತ ಎದ್ದು ಹೋಗಿ ತೊಟ್ಟಿಲಿನ ಹೊದಿಕೆ ಸರಿಮಾಡಿದಳು. ಎರಡು ಕಳೆದುಕೊಳ್ಳುವುದು ಅಂದರೇನೆಂದು ಆ ಮನೆಯಲ್ಲಿ ಗೊತ್ತಿದ್ದವರು ಇಬ್ಬರೇ. ಒಬ್ಬಳು ಅತ್ತೆ, ಇನ್ನೊಬ್ಬಳು ಸೊಸೆ.

“ಮೊರ ಹೊಸದಿರಬೇಕು” ಎಂದಳು ಕೊನೆಗೆ. “ಬಟ್ಟೆ ಕುದಿಸಿ ಒಣಗಿಸಿದ್ದು ನಾನೇ ತರ್ತಿನಿ. ಮೊರಕ್ಕೂ ಸಗಣಿಗೂ ನಡುವೆ ಪ್ಲಾಸ್ಟಿಕ್ ಶೀಟ್. ಎತ್ಕಳೋರು ಕೈಗೆ ಸ್ಯಾನಿಟೈಜರ್ ಹಾಕ್ಕಬೇಕು. ಎರಡು ನಿಮಿಷ. ಡಾಕ್ಟ್ರನ್ನ ಕೇಳ್ತಿನಿ, ಅವ್ರು ಬೇಡ ಅಂದ್ರೆ ಇಲ್ಲ.”

ಡಾಕ್ಟರು ನಕ್ಕರಂತೆ. ಶೀಟು ದಪ್ಪದ್ದು ಇರಲಿ ಎಂದರಂತೆ.

ಮಾಟಗಾತಿಗೆ ಸ್ಯಾನಿಟೈಜರ್ ಹಾಕಿಕೊಳ್ಳಿ ಎಂದು ಯಾರು ಹೇಳುವುದು? ಆ ಯೋಚನೆಯಲ್ಲಿ ನನಗೆ ಎರಡು ರಾತ್ರಿ ನಿದ್ದೆಯಿಲ್ಲ. ತೌಡು ತರುವ ಜವಾಬ್ದಾರಿಯೂ ನನ್ನದೇ. ಹೊಳಲ್ಕೆರೆಯಲ್ಲಿ ಅಂಗಡಿ ಅಂಗಡಿ ತಿರುಗಿದೆ. ಒಬ್ಬರು “ಎಮ್ಮೆ ಕಟ್ಟಿದಿರೇನ್ರಿ ಮೇಡಂ?” ಎಂದರು. “ಇಲ್ಲ, ಮಗು ಕೊಳ್ಳಬೇಕು” ಎಂದು ಹೇಳಲಾಗುತ್ತದೆಯೇ? ಹೌದು, ಎಮ್ಮೆ ಎಂದೆ. ಒಂದು ಪ್ಯಾಕೆಟ್ ಒಡೆದು ಹೋದರೆ ಎಂದು ಎರಡು ಕೊಂಡೆ. ಶನಿವಾರವೇ ಹೊಸದುರ್ಗಕ್ಕೆ ಹೋಗಿ ಎರಡನ್ನೂ ಲೋಕೇಶನ ಕಾರಿನ ಡಿಕ್ಕಿಯಲ್ಲಿ, ಸ್ಟೆಪ್ನಿಯ ಪಕ್ಕ, ಅಲ್ಲಾಡದ ಹಾಗೆ ಇಟ್ಟೆ.

ಭಾನುವಾರ ಬೆಳಿಗ್ಗೆ ಹೊರಟೆವು. ಲೋಕೇಶ ಸ್ಟೇರಿಂಗು, ಪಕ್ಕದಲ್ಲಿ ಅವ್ವ. ಹಿಂದೆ ಮಗು, ಶ್ವೇತ, ನಾನು ಮತ್ತು ನನ್ನ ಪಟ್ಟಿ.

ಊರಿಗೆ ಬಂದಾಗ ಮೊದಲನೇ ಏಟು ಕಾದಿತ್ತು.

ತಿಪ್ಪೆ ಇರಲಿಲ್ಲ.

ಚೇಳು, ಹಂದಿ, ಬಿಇಒ ಎಲ್ಲರನ್ನೂ ಎಣಿಸಿದ್ದ ನಾನು ತಿಪ್ಪೆಯೇ ಇಲ್ಲದಿರಬಹುದು ಎಂದು ಎಣಿಸಿರಲಿಲ್ಲ. ಅಮೃತಮ್ಮನ ಮನೆಯ ಪಕ್ಕ ನಾನು ಸಿಕ್ಕಿದ್ದ ಜಾಗದಲ್ಲಿ ಬರಿ ಕಪ್ಪು ನೆಲ, ಟ್ರ್ಯಾಕ್ಟರ್ ಚಕ್ರದ ಗುರುತು. ಎರಡು ದಿನದ ಹಿಂದೆ ಯಾರೋ ದಾಳಿಂಬೆ ತೋಟದವರು ಪೂರ್ತಿ ಗೊಬ್ಬರ ತುಂಬಿಕೊಂಡು ಹೋಗಿದ್ದರು. ನನ್ನ ಜನ್ಮಸ್ಥಳ ದಾಳಿಂಬೆ ಬೇರಿಗೆ ಹೋಗಿತ್ತು. ಊರೊಳಗೆ ಒಂದು ಸುತ್ತು ಹಾಕಿದೆವು. ದನ ಇರುವ ಮನೆಗಳೇ ಕಡಿಮೆ. ಇದ್ದ ಒಂದು ರಾಶಿಯಲ್ಲಿ ಸಗಣಿಗಿಂತ ಗುಟ್ಕಾ ಚೀಟಿ, ಶಾಂಪೂ ಪಾಕೀಟೇ ಹೆಚ್ಚು. ಶ್ವೇತ ಅದನ್ನು ನೋಡಿ ಮಗುವಿನ ಮುಖವನ್ನು ಸೆರಗಿನಲ್ಲಿ ಮುಚ್ಚಿದಳು.

ಅವ್ವ ಕಾರಿನಿಂದ ಇಳಿಯಲೇ ಇಲ್ಲ. “ನನ್ನ ಹಣೇಬರ” ಎಂದಳು, ಕಿಟಕಿಯಾಚೆ ನೋಡುತ್ತಾ. “ವಾಪಸ್ ಹೋಗಾಣ ನಡೀರಿ.”

ಅಷ್ಟರಲ್ಲಿ ಅಮೃತಮ್ಮ ಬಾಗಿಲಿಗೆ ಬಂದಳು. ಎಂಬತ್ತೆರಡು ವರ್ಷ. ಕೋಲಿನ ಹಾಗೆ ನೆಟ್ಟಗೆ. ಒಂದು ಕಣ್ಣಲ್ಲಿ ಬಿಳಿ ಪೊರೆ. ಹಿಂದೆ ಎರಡು ಕರಿ ಕೋಳಿ. ಅಂಗಳದಲ್ಲಿ ಕಾಯಿ ಜಗ್ಗಿದ ನುಗ್ಗೆಮರ. ನನ್ನ ಬಾಲ್ಯದ ದುಃಸ್ವಪ್ನ ಒಂದಿಷ್ಟೂ ಬದಲಾಗಿರಲಿಲ್ಲ.

“ಬರ್ರಿ, ಕುಂತ್ಕಳ್ರಿ” ಎಂದಳು. “ಯಾಕೆ, ತಿಪ್ಪೆ ಹುಡುಕ್ತಿದೀರೇನು?”

ಯಾರು ಹೇಳಿದರು ಈಕೆಗೆ?  (ಆಮೇಲೆ ತಿಳಿಯಿತು, ಮಸಣಪ್ಪ ಮೊದಲೇ ಫೋನ್ ಮಾಡಿ ಹೇಳಿದ್ದ. ಫೋನಿನಲ್ಲಾದರೆ ಅವನಿಗೆ ಹೆದರಿಕೆಯಿಲ್ಲವಂತೆ.)

ಲೋಕೇಶ ತಿಪ್ಪೆಯ ಕಥೆ ಹೇಳಿದ. ಅಮೃತಮ್ಮ ಪಕ್ಕದ ಮನೆಯವರನ್ನು ಕೂಗಿ ಒಂದು ಮಂಕ್ರಿ ಬುಟ್ಟಿಯ ತುಂಬ ಹೊಸ ಸಗಣಿ ತರಿಸಿ, ಆ ಕಪ್ಪು ನೆಲದ ನಡುವೆ ಸುರಿಸಿದಳು. ಗುಬ್ಬಚ್ಚಿಯ ಗೋರಿಯಷ್ಟಾಯಿತು.

“ಇಷ್ಟೇನಾ?” ಎಂದಳು ಅವ್ವ, ಕಾರಿನೊಳಗಿಂದಲೇ.

“ಏನವ್ವ, ತಿಪ್ಪೆ ಗುಡ್ಡದಂಗಿರಬೇಕು ಅಂತ ಎಲ್ಲಾನ ಬರ್ದೈತೇನು? ಊರಿಗೆ ಮಾಟಗಾತಿ ನಾನು. ನಾನ್ ಒಪ್ಕಂಡ್ರೆ ಆತು. ಇಳೀ ಕೆಳಗೆ.”

ಅವ್ವ ಇಳಿದಳು.

ಶ್ವೇತ ಶೀಟು ಹಾಸಿದಳು, ಮೊರ ಇಟ್ಟಳು, ಬಟ್ಟೆ ಹಾಸಿದಳು. ನಾನು ನುಗ್ಗೆಮರದ ಕೆಳಗೆ ಚೇಳು ಹುಡುಕಿದೆ. ಆಮೇಲೆ ಆ ಗಳಿಗೆ ಬಂತು. ಸ್ಯಾನಿಟೈಜರ್ ಬಾಟಲಿ ನನ್ನ ವ್ಯಾನಿಟಿ ಬ್ಯಾಗಿನಲ್ಲಿತ್ತು. ಕೈ ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಶ್ವೇತಳೇ ಬಂದು ಬಾಟಲಿ ಕಿತ್ತುಕೊಂಡು, “ಅಜ್ಜಿ, ಕೈ ಕೊಡ್ರಿ” ಎಂದಳು.

ನಾನು ಕಣ್ಣು ಮುಚ್ಚಿದೆ.

“ಹಾಕವ್ವ” ಎಂದಿತು ಅಮೃತಮ್ಮನ ದನಿ. “ಬೆರಳ ಸಂದಿಗೂ ಹಾಕು. ನಾನು ಹೆರಿಗೆ ಮಾಡಿಸ್ತಿದ್ದಾಗ ಕುಡಗೋಲು ಕುದಿಸ್ದಲೆ ಹೊಕ್ಕುಳ ಬಳ್ಳಿ ಮುಟ್ತಿರಲಿಲ್ಲ. ಅದ್ಕೇ ಈ ಊರವ್ರು ಮಾಟ ಅಂದ್ರು. ನೀರು ಕುದಿಸ್ತಾಳೆ, ಅದ್ರಾಗೇನೋ ಐತೆ ಅಂತ.”

ಶ್ವೇತ ಇನ್ನೊಂದು ಸಲ ಒತ್ತಿ ಬೆರಳ ಸಂದಿಗೂ ಹಾಕಿದಳು. ಅಮೃತಮ್ಮ ಒದ್ದೆ ಕೈ ಗಾಳಿಗೆ ಒಣಗಿಸಿ, ಮಗುವಿನ ಕಣ್ಣಿನ ಕೆಳಗಿನ ರೆಪ್ಪೆಯನ್ನು ಹೂವಿನಷ್ಟು ಹಗುರಾಗಿ ಎಳೆದು ನೋಡಿದಳು. “ಕಾಮಾಲೆ ಆಗಿತ್ತಲ್ಲ ಇದಕ್ಕೆ? ಈಗ ಹೋಗೈತೆ. ರಕ್ತ ಒಂಚೂರು ಕಮ್ಮಿ.”

“ಹಿಮೋಗ್ಲೋಬಿನ್ ಹತ್ತೂವರೆ ಐತೆ ಅಜ್ಜಿ” ಎಂದಳು ಶ್ವೇತ, ಲ್ಯಾಬಿನಲ್ಲಿ ಡಾಕ್ಟರಿಗೆ ರಿಪೋರ್ಟು ಒಪ್ಪಿಸುವ ದನಿಯಲ್ಲಿ. ಆಮೇಲೆ ಇಬ್ಬರೂ ಶುರುಮಾಡಿದರು. ಎದೆಹಾಲು, ತೂಕ, ಬಿಸಿಲಿಗೆ ಹಿಡಿಯುವುದು. ನಾವು ಮೂವರು ಮದುವೆ ಮನೆಗೆ ಕರೆಯದೆ ಬಂದವರ ಹಾಗೆ ನಿಂತಿದ್ದೆವು. ನಡುವೆ ಶ್ವೇತ ಕೇಳಿಯೂ ಬಿಟ್ಟಳು. “ಮಾಟಗಾತಿ ಅಂತಾರಲ್ಲ, ನಿಮಗೆ ಬೇಜಾರಾಗಲ್ವಾ?”

“ಯಾಕವ್ವ ಬೇಜಾರು? ಆ ನುಗ್ಗೆಮರ ನೋಡು. ಬೀದಿ ಮ್ಯಾಗೈತೆ, ಒಂದ್ ಕಾಯಿ ಕಳುವಾಗಿಲ್ಲ. ಆ ಹೆಸರು ನಾಯಿಗಿಂತ ಚೆನ್ನಾಗಿ ಮನೆ ಕಾಯ್ತೈತೆ. ಅನ್ನ ಹಾಕದೂ ಬ್ಯಾಡ.”

ಐವತ್ತೆರಡು ವರ್ಷ ಹೆಸರಿಗೆ ಹೆದರಿ ಎಚ್ ಹಿಂದೆ ಅಡಗಿದ್ದ ನಾನು ಕೋಳಿಗಳ ಕಡೆ ನೋಡಿದೆ.

ಶಾಸ್ತ್ರ ಶುರುವಾಯಿತು. ಮಗುವನ್ನು ಮೊರದಲ್ಲಿ ಮಲಗಿಸಿ ಎಲ್ಲರೂ ಹಿಂದೆ ಸರಿದೆವು. ಅಮೃತಮ್ಮ ಬೇಲಿ ಸುತ್ತಿ, ಕೋಲೂರಿಕೊಂಡು, ಯಾವುದೋ ಊರಿನಿಂದ ಬಂದವಳಂತೆ ಬಂದಳು. ಎಂಥ ನಟನೆ ಅಂತೀರಿ. ನಿಂತಳು. ಬಗ್ಗಿದಳು. “ಇದ್ಯಾರದಪ್ಪ ಕೂಸು? ಕೇಳೋರು ಯಾರೂ ಇಲ್ಲೇನು?” ಯಾರೂ ಮಾತಾಡಲಿಲ್ಲ. “ಹಂಗಾದ್ರೆ ನಂದು” ಎಂದು ಎತ್ತಿಕೊಂಡಳು. ಮಗು ಆ ಬಿಳಿ ಪೊರೆಯ ಕಣ್ಣನ್ನೇ ನೋಡುತ್ತಾ ಬೊಚ್ಚುಬಾಯಿ ತೆರೆದು ನಕ್ಕಿತು.

“ಹೆಸ್ರು?” ಎಂದ ಲೋಕೇಶ. “ತಿಪ್ಪಮ್ಮ ಅಂದ್ಬಿಡ್ರಿ, ಸಾಕು.”

“ಲೇ, ತಿಪ್ಪೆ ಎಲ್ಲೈತಲೇ ತಿಪ್ಪಮ್ಮ ಅನ್ನಾಕೆ? ಒಂದ್ ಮಂಕ್ರಿ ಸಗಣಿ.” ಅಮೃತಮ್ಮ ಯೋಚಿಸಿದಳು. ನಮ್ಮೆಲ್ಲರನ್ನೂ ಒಂದು ಸುತ್ತು ನೋಡಿ, ನನ್ನ ಮೇಲೆ ಕಣ್ಣು ನಿಲ್ಲಿಸಿದಳು.

“ಹುಚ್ಚಮ್ಮ” ಎಂದಳು.

“ಬ್ಯಾಡ ಅಮೃತವ್ವ” ಎಂದೆ. ಬಾಯಿಂದ ತಾನಾಗಿ ಬಂತು. “ಬ್ಯಾರೆ ಯಾವ್ದಾನ ಇಡು. ಆ ಹೆಸರಿನಾಗೆ ನಾನು ಪಟ್ಟಿದ್ದು ಸಾಕು.”

“ಏನ್ ಪಟ್ಟೀಯ?”

ಹಾಜರಿ ಪುಸ್ತಕ, ಗಂಡಿನ ಕಡೆಯವರು, ಎಲ್ಲ ನಾಲಿಗೆ ತುದಿಗೆ ಬಂತು. ಹೇಳಲು ಹೊರಟರೆ ಅಂಥ ದೊಡ್ಡದೇನೂ ಕಾಣಲಿಲ್ಲ.

“ಐವತ್ತೆರಡು ವರ್ಷ ಆತು” ಎಂದಳು ಅಮೃತಮ್ಮ. “ಜ್ವರ ಬಂತು, ಹೋತು. ಹಾವಿನ ಮ್ಯಾಲೆ ಕಾಲಿಟ್ಟೆ, ಹಾವೇ ಓಡಿಹೋತು. ಓದಿದೆ. ನೌಕರಿ ಹಿಡಿದೆ. ಎರಡು ಹಡದೆ. ಗಟ್ಟಿಗಿತ್ತಿ ಆಗಿ ನಿಂತಿದೀಯ. ಹೋದ ಸಲ ಬೆಳೆ ಕೊಟ್ಟ ಬೀಜ ಮನೇಲಿರಬೇಕಾದ್ರೆ ಅಂಗಡೀದು ಯಾಕವ್ವ ಬಿತ್ತಬೇಕು?”

 ಉತ್ತರ ಕೊಟ್ಟವಳು ಶ್ವೇತ.

“ಅದೇ ಇರ್ಲಿ ಅಜ್ಜಿ” ಎಂದಳು. ನನ್ನ ಕಡೆ ತಿರುಗಿ, “ಗಾಜಿನ ಮುಂದೆ ದಿನಾ ನಿಂತಿದ್ದೋರ ಹೆಸ್ರು ತಾನೆ ಅಕ್ಕಾ” ಎಂದಳು.

ಪ್ರಶಸ್ತಿ ಬಂದರೆ ಹೇಗಿರುತ್ತದೆ ಎಂದು ಈಗ ನನಗೆ ಗೊತ್ತು. ಒಂದು ಮಂಕ್ರಿ ಸಗಣಿಯ ಪಕ್ಕ ನಿಂತು, ಮೂಗು ಸೋರಿಸಿಕೊಂಡು, ಕರ್ಚೀಫು ಸಿಗದೆ ಸೆರಗಿನಲ್ಲಿ ಒರೆಸಿಕೊಳ್ಳುವ ಹಾಗಿರುತ್ತದೆ. ಹಿರಿಯೂರಿನ ಶಾಲು ಇದರ ಮುಂದೆ ಏನೂ ಅಲ್ಲ.

ಇನ್ನು ಅವ್ವ ಮುಂದೆ ಬಂದು ಕೊಳ್ಳಬೇಕು. ಬಂದಳು. ಮಂಡಿ ನೋವು ಎಲ್ಲಿ ಹೋಯಿತೋ.

“ಏನಮೃತಕ್ಕ, ಆ ಹುಚ್ಚು ಕೂಸನ್ನ ಮಾರ್ತೀಯೇನು?” ಅವ್ವನ ದನಿ ಗಟ್ಟಿಯಾಗಿತ್ತು, ಗಲ್ಲ ನಡುಗುತ್ತಿತ್ತು.

“ತಗಂಡ್ರೆ ತಗಾ. ಕರ್ರಗೈತೆ.”

“ಮೂಗೂ ಚಪ್ಪಟೆ.”

“ಅಳ್ತೈತೆ ಬ್ಯಾರೆ.”

“ಯಾರಿಗೆ ಬೇಕು ಇಂಥದ್ದು. ಏನೋ, ಪಾಪ, ಕೊಡಿತ್ಲಾಗೆ” ಎಂದವಳೇ ಅವ್ವ ಮಗುವನ್ನು ಕಸಿದು ಎದೆಗೆ ಅವುಚಿಕೊಂಡಳು. ಅದರ ತಲೆ, ಕೆನ್ನೆ, ಪಾದ, ಬೆರಳು, ಒಂದೊಂದನ್ನೂ ಮುಟ್ಟಿ ಮುಟ್ಟಿ ನೋಡಿದಳು. ಮೂರು ತಿಂಗಳ ಬಾಕಿ. “ಹುಚ್ಚಿ, ಹುಚ್ಚಿ, ನನ್ನ ಹುಚ್ಚಿ” ಎನ್ನುತ್ತಿದ್ದಳು. ಶ್ವೇತ ಅತ್ತೆಯ ಬೆನ್ನ ಮೇಲೆ ಕೈಯಿಟ್ಟು ಅಳುತ್ತಿದ್ದಳು. ಲೋಕೇಶ ಕಾರಿನ ಟೈರು ಪರೀಕ್ಷಿಸುವ ನೆಪದಲ್ಲಿ ಆ ಕಡೆ ಹೋದ. ಅಮೃತಮ್ಮ ಕೋಳಿಗಳಿಗೆ ಏನೋ ಬೈದಳು.

ಆಮೇಲೆ ಮಂಡಕ್ಕಿ, ಮೆಣಸಿನಕಾಯಿ, ಚಾ. ಚೀಲದ ತುಂಬ ನುಗ್ಗೆಕಾಯಿ. ಹೊಸದುರ್ಗದವರೆಗೂ ಅವ್ವ ಮಗುವನ್ನು ಯಾರ ಕೈಗೂ ಕೊಡಲಿಲ್ಲ. ಶೀತ ಆಗಲಿಲ್ಲ, ಪಂಕ್ಚರ್ ಆಗಲಿಲ್ಲ, ವಿಡಿಯೊ ಮಾಡುವವರಿಗೆ ಆ ಮನೆಯ ಹತ್ತಿರ ಬರುವ ಧೈರ್ಯವಿರಲಿಲ್ಲ. ನನ್ನ ಇಡೀ ಪಟ್ಟಿ ಸುಳ್ಳಾಯಿತು. ಜೀವಮಾನದಲ್ಲಿ ಇಷ್ಟು ಸಂತೋಷದಿಂದ ನಾನು ಸೋತಿರಲಿಲ್ಲ.

ಮನೆ ತಲುಪಿ ನುಗ್ಗೆಕಾಯಿ ಇಳಿಸಲು ಡಿಕ್ಕಿ ತೆಗೆದೆ.

ಸ್ಟೆಪ್ನಿಯ ಪಕ್ಕ, ಅಲ್ಲಾಡದೆ, ಒಡೆಯದೆ, ಎರಡು ಪ್ಯಾಕೆಟ್ ತೌಡು ಕೂತಿತ್ತು.

ಬೆಲೆ ಕೊಟ್ಟಿರಲಿಲ್ಲ. ಅವ್ವ ಕಸಿದುಕೊಂಡ ಭರದಲ್ಲಿ ಯಾರಿಗೂ ನೆನಪಾಗಿರಲಿಲ್ಲ. ಶಾಸ್ತ್ರದ ಪ್ರಕಾರ ವ್ಯಾಪಾರ ಆಗೇ ಇಲ್ಲ. ಮಗು ಇನ್ನೂ ಮಾಟಗಾತಿಯದೇ.  ಅಲ್ಲೇ ನಿಂತು ಅಮೃತಮ್ಮನಿಗೆ ಫೋನ್ ಮಾಡಿದೆ.

“ತೌಡು ಇಲ್ಲೇ ಉಳ್ಕಂತು ಅಮೃತವ್ವ. ಈಗ್ಲೇ ಲೋಕೇಶನ್ನ ಕಳಿಸ್ತಿನಿ.”

“ಯಾತಕ್ಕೆ? ಇರ್ಲಿ ಬಿಡು” ಎಂದಳು. ಆಕಳಿಸುತ್ತಿದ್ದಳು. “ನಿಂದೂ ಕೊಟ್ಟಿಲ್ಲ ನಿಮ್ಮವ್ವ. ನಾಳೆ ಕೊಡ್ತಿನಿ ಅಂತ ಎತ್ಕಂಡು ಹೋದೋಳು, ಎಮ್ಮೆ ಈದೈತೆ ಅಂತ ತೌಡ್ನ ಅದಕ್ಕೇ ಹಾಕಿದ್ಲು.”

ಒಳಗೆ ಹೋಗಿ ಅವ್ವನನ್ನು ಕೇಳಿದೆ. ಅವ್ವ ಮೊಮ್ಮಗಳ ಪಾದ ನೋಡುತ್ತಾ, ಕಿವಿ ಕೇಳಿಸದವಳ ಹಾಗೆ ಕೂತಿದ್ದಳು. ಆಕೆಯ ಕಿವಿ ಚೆನ್ನಾಗಿಯೇ ಕೇಳಿಸುತ್ತದೆ.

ಐವತ್ತೆರಡು ವರ್ಷ ಕಂಡಕಂಡದ್ದಕ್ಕೆಲ್ಲ ಹೆದರಿದೆನಲ್ಲ, ಮಾಟಗಾತಿಯ ಮಗಳಿಗೆ ಯಾರ ಭಯ ಇತ್ತು ಹೇಳಿ?